ನನ್ನ ಹೆಸರಿನಲ್ಲಿ ಹೋದವಳು

ಪೀಣ್ಯ ಎರಡನೇ ಹಂತ, ಬೆಂಗಳೂರು
೧೪ ನವೆಂಬರ್ ೨೦೨೪, ಗುರುವಾರ

ಪ್ರೀತಿಯ ಯಮನೂರಾ,

ಹೇಗಿದ್ದೀಯಪ್ಪಾ? ಬಲೆಯ ಹಗ್ಗ ಎಳೆದು ಸೀಳಿಹೋಗಿದ್ದ ನಿನ್ನ ಅಂಗೈ ಮಾಯಿತೇ? ಉಪ್ಪುನೀರು ತಾಗದಂತೆ ಬಟ್ಟೆ ಕಟ್ಟಿಕೋ ಎಂದರೆ ನೀನು ಕೇಳುವವನಲ್ಲ. ಚಿಕ್ಕಂದಿನಲ್ಲಿ ನನ್ನ ಸೊಂಟದ ಮೇಲೆ ಕುಳಿತು ಕಿವಿ ಹಿಂಡುತ್ತಿದ್ದವನಿಗೆ ನನ್ನ ಬುದ್ಧಿಮಾತು ನಾಟುವುದಾದರೂ ಹೇಗೆ. ಊರಿನಲ್ಲಿ ನಿನ್ನ ಅವ್ವ, ನನ್ನ ಸೋದರತ್ತೆ ಹೊಳೆವ್ವ, ಹುಷಾರಾಗಿದ್ದಾಳೆಂದು ಬೇರೆಯವರಿಂದ ಕೇಳಿ ತಿಳಿದೆ. ನಿನ್ನ ಹಾಗೆ ಅವಳೂ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

ಲಕೋಟೆಯ ಮೇಲೆ ನನ್ನ ಹೆಸರು ಕಂಡ ಕೂಡಲೇ ಇದನ್ನು ಹರಿದು ಸಮುದ್ರಕ್ಕೆ ಹಾಕಬೇಡ. ನೀನು ಫೋನು ಎತ್ತದೆ ಹದಿನಾರು ದಿನವಾಯಿತು, ಅದಕ್ಕೇ ಪತ್ರ. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ತಂದೆಗೆ ಪತ್ರ ಬರೆದವಳು ಆಮೇಲೆ ಯಾರಿಗೂ ಬರೆದವಳಲ್ಲ. ಆಗ ಕ್ಷೇಮ ಎಂದು ಶುರುಮಾಡಿದರೆ ಮುಂದಿನದು ತಾನಾಗಿ ಬರುತ್ತಿತ್ತು. ಈಗ ಮೂರು ಹಾಳೆ ಹರಿದು ಹಾಕಿದ್ದೇನೆ. ನಿನ್ನ ಹೆಂಡತಿ, ನನ್ನ ತಂಗಿ ಸವಿತಾಳ ಸುಳಿವು ಇನ್ನೂ ಸಿಕ್ಕಿಲ್ಲ. ಇಂದಿಗೆ ಇಪ್ಪತ್ಮೂರು ದಿನ. ಇಂಥ ಸುದ್ದಿ ಇಟ್ಟುಕೊಂಡು ಅಂಗೈ ವಿಚಾರಿಸುತ್ತ ಕುಳಿತಿದ್ದಾಳಲ್ಲ ಎಂದು ಬೈಯಬೇಡ. ಮುಂದೆ ಬರೆಯಬೇಕಾದದ್ದಕ್ಕೆ ಕೈ ಏಳುತ್ತಿಲ್ಲ.

ಆ ಸೋಮವಾರ ಫ್ಯಾಕ್ಟರಿಯ ಗೇಟಿನ ಮುಂದೆ ನಿಂತಿದ್ದು ನೆನಪಿದೆಯಲ್ಲ. ಅವಳು ಕಾಣೆಯಾಗಿ ಆರು ದಿನ, ನೀನು ಮಲ್ಪೆಯಿಂದ ಓಡಿಬಂದು ಎರಡು ದಿನ. ಐದು ವರ್ಷದಿಂದ ಅವಳು ಈ ಗಾರ್ಮೆಂಟ್ಸಿನಲ್ಲೇ ಹೊಲಿಯುತ್ತಿದ್ದಾಳೆ ಎಂದು ಕಾನ್‌ಸ್ಟೇಬಲ್‌ಗೆ ನೀನು ಎದೆ ತಟ್ಟಿ ಹೇಳಿದೆ. ಒಳಗಿನಿಂದ ಪಟ್ಟಿ ತರಿಸಿದರು. ಬೆರಳಿಟ್ಟು ಮೇಲಿನಿಂದ ಕೆಳಗೆ ಹುಡುಕಿದಿರಿ, ಸವಿತಾ ಎಂಬ ಹೆಸರಿರಲಿಲ್ಲ. ಫೋನಿನಲ್ಲಿದ್ದ ಮದುವೆಯ ಫೋಟೊ ತೋರಿಸಿದೆ. ಬಾಸಿಂಗ ಕಟ್ಟಿಕೊಂಡು ಮುಖದ ತುಂಬ ಅರಿಸಿನ ಹಚ್ಚಿಕೊಂಡವಳನ್ನು ನೋಡಿ, ಬಂದು ಹದಿನೈದು ದಿನವೂ ಆಗಿರದ ಸೆಕ್ಯೂರಿಟಿಯವನು "ಎಲ್ರೂ ದುಪ್ಪಟ್ಟ ಸುತ್ಕೊಂಡ್ ಬರ್ತಾರೆ ಸಾರ್, ಯಾರು ಅಂತ ಹೇಳ್ಲಿ" ಎಂದ. ಆಗ ಕಾನ್‌ಸ್ಟೇಬಲ್ ನಿನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದ, "ನೋಡು ಗುರು, ಇಲ್ಲಿ ಕೆಲ್ಸಾನೇ ಇಲ್ಲ ಅಂದ್ಮೇಲೆ ದಿನಾ ಬೆಳಿಗ್ಗೆ ಟಿಫನ್ ಬಾಕ್ಸ್ ತಗೊಂಡು ಎಲ್ಲಿಗ್ ಹೋಗ್ತಿದ್ಲು? ನೀನೇ ಯೋಚ್ನೆ ಮಾಡು." ನೀನು ನನ್ನ ಮುಖ ನೋಡಿದೆ. ನಾನು ನೆಲ ನೋಡಿದೆ. ಮರುದಿನ ಬಸ್ಸು ಹತ್ತುವಾಗ, ಹೊಟ್ಟೆಯಲ್ಲಿರುವ ಕೂಸು ನನ್ನದು ಹೌದೋ ಅಲ್ಲವೋ ಎಂದು ನೀನು ಅಂದೆಯಲ್ಲ, ಆ ಮಾತು ನಿನ್ನ ಬಾಯಿಗೆ ತಂದಿಟ್ಟವಳು ನಾನು.

ಸವಿತಾ ಆ ಪಟ್ಟಿಯಲ್ಲಿ ಇದ್ದಳು ಯಮನೂರಾ. ನೀಲಾಂಬಿಕಾ ಎಂಬ ನನ್ನ ಹೆಸರಿನಲ್ಲಿ ಇದ್ದಳು, ನಿಮ್ಮ ಬೆರಳು ಅದನ್ನು ದಾಟಿ ಹೋಯಿತು.

ಅವ್ವ ತೀರಿಕೊಂಡ ವರ್ಷ ಅವಳನ್ನು ಇಲ್ಲಿಗೆ ಕರೆತಂದಾಗ ಅವಳಿಗೆ ಹದಿನೇಳು. ಹದಿನೆಂಟು ತುಂಬದವರನ್ನು ಗಾರ್ಮೆಂಟ್ಸಿಗೆ ಸೇರಿಸಿಕೊಳ್ಳುವುದಿಲ್ಲ. ನನ್ನ ಆಧಾರ್ ಕೊಟ್ಟು ಸೇರಿಸಿದೆ. ಆ ಕಾರ್ಡಿನ ಫೋಟೊದಲ್ಲಿ ನಾನು ಸವಿತಾಳಂತೆಯೂ ಕಾಣುತ್ತೇನೆ, ಯಾರಂತೆ ಬೇಕಾದರೂ ಕಾಣುತ್ತೇನೆ. ನಮ್ಮ ಓಣಿಯಲ್ಲಿ ಅಕ್ಕನ ಕಾರ್ಡಿನಲ್ಲಿ ತಂಗಿ, ಅತ್ತಿಗೆಯ ಕಾರ್ಡಿನಲ್ಲಿ ನಾದಿನಿ ಕೆಲಸಕ್ಕೆ ಹೋಗುವುದು ಹೊಸದೇನಲ್ಲ. ನಾನು ಲೇಡೀಸ್ ಪಿಜಿಯಲ್ಲಿ ಅಡುಗೆಯವಳು, ಅಲ್ಲಿ ಕಾಗದ ಕೇಳುವುದಿಲ್ಲ, ಸಾರಿಗೆ ಉಪ್ಪು ಸರಿಯಾಗಿದ್ದರೆ ಸಾಕು. ಒಂದು ವರ್ಷದ ಮಟ್ಟಿಗೆ ಎಂದುಕೊಂಡಿದ್ದೆವು. ಹದಿನೆಂಟಾದ ಮೇಲೆ ಹೆಸರು ಬದಲಿಸಬೇಕೆಂದರೆ ಕೆಲಸ ಬಿಟ್ಟು ಹೊಸಬಳಾಗಿ ಸೇರಬೇಕು. ನಾಳೆ ನೋಡೋಣ, ನಾಡಿದ್ದು ನೋಡೋಣ ಎಂದು ಐದು ವರ್ಷ ಕಳೆಯಿತು. ಅಲ್ಲಿ ಎಲ್ಲರಿಗೂ ಅವಳು ನೀಲಾ. ಬಸುರಿಯಾದ ಮೇಲೆ ಇಎಸ್‌ಐ ಕಾರ್ಡು ಹಿಡಿದು ತಪಾಸಣೆಗೆ ಹೋದದ್ದೂ ನೀಲಾಂಬಿಕಾ ಎಂದೇ. ನಿನಗೆ ಹೇಳಿಬಿಡುತ್ತೇನೆ ಎಂದು ಮದುವೆಯ ವಾರದಲ್ಲೇ ಹಠ ಹಿಡಿದಿದ್ದಳು. ಗಂಡನಿಗೆ ಹೇಳಿದ್ದು ಅತ್ತೆಗೆ, ಅತ್ತೆಗೆ ಹೇಳಿದ್ದು ಊರಿಗೆ ಎಂದು ನಾನೇ ಬಾಯಿ ಮುಚ್ಚಿಸಿದೆ. ನಿನಗೆ ಅವಳು ಹೇಳಿದ ಸುಳ್ಳು ಇದೊಂದೇ, ಅದೂ ನನ್ನದು.

ಕಾಣೆಯಾದ ಮರುದಿನ ಠಾಣೆಗೆ ಹೋದಾಗಲೂ ಬಾಯಿ ಬಿಡಲಿಲ್ಲ. ಯಾವ ಫ್ಯಾಕ್ಟರಿ ಎಂದು ಕೇಳಿದರು. ಯಾವುದೋ ಗಾರ್ಮೆಂಟ್ಸು ಸಾರ್, ಸರಿಯಾಗಿ ಗೊತ್ತಿಲ್ಲ ಎಂದೆ. ಪಕ್ಕದ ರೂಮಿನಲ್ಲೇ ಇದ್ದ ತಂಗಿಯ ಫ್ಯಾಕ್ಟರಿ ಗೊತ್ತಿಲ್ಲವಂತೆ, ನನ್ನ ನಾಲಿಗೆಗೆ ಹುಳ ಬೀಳಲಿ. ಸುಳ್ಳು ಕಾಗದಕ್ಕೆ ಜೈಲು ಎಂಬ ಭಯವಿತ್ತು. ನಮ್ಮ ಮನೆಯವರು ಬೇರೆ "ಸುಮ್ಮ ಇರು, ನಾಳಿ ನಾಡದು ಬರ್ತಾಳ. ಬಂದ ಮ್ಯಾಲ ಕೆಲಸಾನೂ ಹೋತು, ಕೇಸೂ ಆತು ಅಂದ್ರ ಏನ್ ಮಾಡೂದು" ಎಂದರು. ಅವರನ್ನು ದೂರುವುದಿಲ್ಲ. ನನಗೂ ಅದೇ ಮಾತು ಬೇಕಾಗಿತ್ತು. ಬಂದೇ ಬರುತ್ತಾಳೆ, ಬಂದಾಗ ಅವಳ ಮಿಷನ್ನು ಅವಳಿಗೇ ಇರಲಿ ಎಂದುಕೊಂಡೆ. ದೀಪಾವಳಿ ಮುಗಿದ ಮೇಲೆ ಮಡಿಲು ತುಂಬಿ ಕುಬಸ ಮಾಡಬೇಕೆಂದು ಹಸಿರು ಬಳೆ ತಂದಿಟ್ಟಿದ್ದೆ. ಅವ್ವನಿಲ್ಲದ ಹುಡುಗಿಗೆ ನನ್ನ ರೂಮೇ ತವರು, ಚೊಚ್ಚಲ ಹೆರಿಗೆ ಇಲ್ಲೇ ಆಗಬೇಕು ಎಂದು ಮನೆಯ ಓನರ್ ಚಿಕ್ಕಮುನಿಯಮ್ಮನವರ ಹತ್ತಿರ ಹಿತ್ತಲ ಕೋಣೆಯನ್ನೂ ಕೇಳಿದ್ದೆ. ಹುಳಿ ಸೊಪ್ಪಿನ ಪುಂಡಿಪಲ್ಯೆ ಬೇಕು ಎಂದು ಅವಳು ಒಂದು ವಾರ ಪೀಡಿಸಿದ್ದಳು. ಈ ಊರಿನ ಸಂತೆಯಲ್ಲಿ ಪುಂಡಿ ಎಂದರೆ ಯಾರಿಗೂ ತಿಳಿಯುವುದಿಲ್ಲ, ನಾನು ಬೈದು ಪಾಲಕ್ ಮಾಡಿ ಹಾಕಿದೆ. ಆ ಬೈಗುಳ ಈಗ ನನ್ನನ್ನು ತಿನ್ನುತ್ತಿದೆ.

ಪೊಲೀಸರು ಸುಮ್ಮನೆ ಕುಳಿತಿರಲಿಲ್ಲ ಎಂದು ಹೇಳಬೇಕು. ಸವಿತಾ, ಇಪ್ಪತ್ತೆರಡು ವರ್ಷ, ಏಳು ತಿಂಗಳ ಬಸುರಿ ಎಂದು ಆಸ್ಪತ್ರೆಗಳಲ್ಲೆಲ್ಲ ವಿಚಾರಿಸಿದರು. ಎಲ್ಲ ಕಡೆಯಿಂದ ಇಲ್ಲ ಎಂದು ಉತ್ತರ ಬಂತು. ಗೇಟಿನ ಹತ್ತಿರ ಪಟ್ಟಿ ನೋಡಿದ ಮೇಲೆ ಅವರ ಉತ್ಸಾಹವೂ ಇಳಿಯಿತು. ಮನೆ ಬಿಟ್ಟು ಹೋದ ಹೆಂಗಸು ಎಂದು ಅವರೇ ತೀರ್ಮಾನಿಸಿಬಿಟ್ಟರು.

ಕಳೆದ ಶುಕ್ರವಾರ ಶಾಂತಿ ಎನ್ನುವ ಹುಡುಗಿ ಓಣಿಯಲ್ಲೆಲ್ಲ ವಿಚಾರಿಸುತ್ತ ನಮ್ಮ ಬಾಗಿಲಿಗೆ ಬಂದಳು. "ಅಕ್ಕಾ, ನೀಲಾ ಮನೆ ಇದೇನಾ? ಎಚ್ಚಾರ್‌ನವ್ರು ನೋಟಿಸ್ ಕೊಟ್ಟಿದಾರೆ. ಫೋನೂ ಸಿಗ್ತಿಲ್ಲ. ಡೆಲಿವರಿ ಏನಾದ್ರೂ ಆಯ್ತಾ?" ನನ್ನ ಹೆಸರಿನ ನೋಟಿಸನ್ನು ನನ್ನ ಕೈಗೇ ಕೊಟ್ಟು ನನ್ನ ಬಗ್ಗೆ ನನ್ನನ್ನೇ ಕೇಳುತ್ತಿದ್ದಾಳೆ. ಕೂರಿಸಿ ಚಹ ಕೊಟ್ಟು ಎಲ್ಲ ಹೇಳಿದೆ. ಚಹ ಆರಿಹೋಯಿತು, ಅವಳು ಮುಟ್ಟಲಿಲ್ಲ. ಅವಳದು ಸವಿತಾಳ ಪಕ್ಕದ ಮಿಷನ್ನು. ಆ ದಿನ ಬೆಳಿಗ್ಗೆಯಿಂದಲೇ ಸವಿತಾಳಿಗೆ ಹೊಟ್ಟೆನೋವಂತೆ. ಸೂಪರ್‌ವೈಸರನ್ನು ಕೇಳಿದ್ದಕ್ಕೆ, ಕೈಯಲ್ಲಿರುವ ಬಂಡಲ್ ಮುಗಿಸಿ ಹೋಗು ಎಂದನಂತೆ. ತುಟಿ ಕಚ್ಚಿಕೊಂಡು ಮುಗಿಸಿದಳಂತೆ. ಊಟದ ಹೊತ್ತು ಮುಗಿದ ಮೇಲೆ ಗೇಟ್ ಪಾಸು ಸಿಕ್ಕಿತು. ಬಸ್ ಸ್ಟಾಪಿನ ತನಕ ಬಿಟ್ಟು ಬರುತ್ತೇನೆ ಎಂದರೆ ಇವಳಿಗೆ ಪಾಸು ಕೊಡಲಿಲ್ಲ. "ಒಬ್ಳು ಎದ್ರೆ ಲೈನೇ ನಿಲ್ಲತ್ತೆ ಅಕ್ಕಾ, ಇಬ್ರನ್ನ ಯಾರ್ ಬಿಡ್ತಾರೆ" ಎಂದು ಅತ್ತಳು.

ಅಷ್ಟೆಲ್ಲ ಕೇಳಿದ ಮೇಲೂ ಎರಡು ದಿನ ನಾನು ಮನೆ ಬಿಟ್ಟು ಹೊರಡಲಿಲ್ಲ. ಮೊನ್ನೆ ಸೋಮವಾರ ಆಧಾರ್ ಹಿಡಿದು ಫ್ಯಾಕ್ಟರಿಗೆ ಹೋದೆ. ನಾನೇ ನೀಲಾಂಬಿಕಾ, ಇಲ್ಲಿ ದುಡಿಯುತ್ತಿದ್ದವಳು ಸವಿತಾ ಎಂದೆ. ಎಚ್ಚಾರ್ ಹುಡುಗ ಬೆವರು ಒರೆಸಿಕೊಂಡು "ಇದು ಚೀಟಿಂಗ್ ಆಗತ್ತೆ ಮೇಡಂ, ಗೊತ್ತಾ ನಿಮ್ಗೆ" ಎಂದ. ಗೊತ್ತಪ್ಪಾ, ಮೊದಲು ರಿಜಿಸ್ಟರ್ ತೋರಿಸು ಎಂದೆ. ಅಕ್ಟೋಬರ್ ಇಪ್ಪತ್ತೆರಡು, ಮಂಗಳವಾರ, ನೀಲಾಂಬಿಕಾ, ಹೊಟ್ಟೆನೋವು, ಹೊರಗೆ ಹೋದದ್ದು ಎರಡು ನಲವತ್ತಕ್ಕೆ. ಪಕ್ಕದಲ್ಲಿ ನನ್ನ ಸಹಿ. ನನಗಿಂತ ಚೆನ್ನಾಗಿ ಮಾಡುತ್ತಾಳೆ ಮಹಾರಾಯ್ತಿ, ಬಾಲದಲ್ಲಿ ಎರಡು ಚುಕ್ಕಿ ಇಡುವುದನ್ನೂ ಮರೆಯುವುದಿಲ್ಲ. ಆ ದಿನ ಮಾತ್ರ ಗೆರೆ ನಡುಗಿತ್ತು. ಗೇಟಿನ ಕ್ಯಾಮೆರಾ ಕೇಳಿದೆ. ಹದಿನೈದು ದಿನದ್ದಷ್ಟೇ ಇರುತ್ತದಂತೆ, ಹಳೆಯದು ಅಳಿಸಿಹೋಗುತ್ತದಂತೆ. ನಾವು ಅಲ್ಲಿ ನಿಂತಿದ್ದ ದಿನ ಅವಳು ಆ ಕ್ಯಾಮೆರಾದೊಳಗೆ ಇದ್ದಳು. ನಾನು ಒಂದು ಮಾತು ಆಡಿದ್ದರೆ, ಎಡಕ್ಕೆ ತಿರುಗಿದಳೋ ಬಲಕ್ಕೆ ತಿರುಗಿದಳೋ, ಯಾರ ಆಟೋ ಹತ್ತಿದಳೋ, ಅಷ್ಟಾದರೂ ತಿಳಿಯುತ್ತಿತ್ತು.

ಮಂಗಳವಾರ ಠಾಣೆಗೆ ಹೋಗಿ ಎಲ್ಲ ಹೇಳಿದೆ. ಸಬ್ ಇನ್‌ಸ್ಪೆಕ್ಟರ್ ಗುರುರಾಜ್ ಪೆನ್ನು ಕೆಳಗಿಟ್ಟು "ಮೂರು ವಾರ ಇಲ್ಲದಿರೋ ಹೆಸರು ಹಿಡ್ಕೊಂಡು ನಮ್ಮನ್ನ ಓಡಾಡ್ಸಿದ್ರಲ್ಲಮ್ಮಾ" ಎಂದರು. ಬೈದರು, ಬೈಸಿಕೊಂಡೆ. ನನ್ನ ಮೇಲೂ ಕೇಸಾಗಬಹುದಂತೆ, ಆಗಲಿ. ಹೊಸ ಹೇಳಿಕೆ ಬರೆಸಿಕೊಂಡು ಸಹಿ ಹಾಕಿಸಿದರು. ಇನ್ನು ಮೇಲೆ ಎರಡೂ ಹೆಸರಿನಲ್ಲಿ ಹುಡುಕುತ್ತಾರೆ.

ನಿನಗೆ ಹೇಳಬೇಕಾದದ್ದು ಇದು. ನಿನ್ನ ಹೆಂಡತಿ ಬೆಳಿಗ್ಗೆ ಎದ್ದು ಫ್ಯಾಕ್ಟರಿಗೇ ಹೋಗುತ್ತಿದ್ದಳು. ಒಂದು ದಿನವೂ ಬೇರೆ ಕಡೆ ಹೋದವಳಲ್ಲ. ನೋವು ತಿನ್ನುತ್ತ ಬಂಡಲ್ ಮುಗಿಸಿ ಮನೆಗೆ ಹೊರಟವಳು ಮನೆ ಮುಟ್ಟಲಿಲ್ಲ. ನನ್ನ ಮೇಲೆ ಸಿಟ್ಟು ಇಟ್ಟುಕೋ, ಈ ಜನ್ಮವೆಲ್ಲ ಮಾತು ಬಿಡು, ನಾನು ಅದಕ್ಕೆ ತಕ್ಕವಳೇ. ಅವಳನ್ನು ಮಾತ್ರ ಬಿಟ್ಟುಬಿಡಬೇಡ. ಗಂಡ ಬಂದು ಕೇಳಿದರೆ ಪೊಲೀಸರು ಕೇಳುವ ರೀತಿಯೇ ಬೇರೆ. ಹೊಳೆವ್ವತ್ತೆಗೆ ಇದನ್ನು ನೀನೇ ಓದಿ ಹೇಳು, ನನ್ನ ಬಾಯಿಂದ ಅವಳು ನಂಬುವುದಿಲ್ಲ.

ಗಾಳಿ ಜೋರಿದ್ದ ದಿನ ಬೋಟಿನ ಅಂಚಿಗೆ ಹೋಗಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ನಿನಗೆ ಹೆಸರು ಕೊಟ್ಟ ದೇವರು ಯಮನೂರಪ್ಪ ನಿನ್ನ ಬೆನ್ನಿಗಿರಲಿ.

ಇಂತಿ,
ನೀಲಾಂಬಿಕಾ, ನಿಜವಾದವಳು

ಮತ್ತೆ ಬರೆದದ್ದು, ಶನಿವಾರ ಮಧ್ಯಾಹ್ನ: ಪತ್ರ ಇನ್ನೂ ಪೋಸ್ಟಿಗೆ ಹಾಕಿರಲಿಲ್ಲ. ಸರ್ಕಾರಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಅನುಸರಿಸಿಕೋ. ನನ್ನ ಹೆಸರು ಹಿಡಿದು ಹುಡುಕಿದ್ದಕ್ಕೆ ಮೂರೇ ದಿನದಲ್ಲಿ ಇಲ್ಲಿ ಸುಳಿವು ಸಿಕ್ಕಿತು. ನೀಲಾಂಬಿಕಾ, ಇಪ್ಪತ್ತೊಂಬತ್ತು ವರ್ಷ, ಅಕ್ಟೋಬರ್ ಇಪ್ಪತ್ತೆರಡರ ಸಂಜೆ ನಾಲ್ಕಕ್ಕೆ ಯಾರೋ ಆಟೋದವರು ತಂದು ಇಳಿಸಿ ಹೋಗಿದ್ದಾರೆ. ಅಂದೇ ಹೆರಿಗೆಯಾಗಿದೆ. ಕೈಯಲ್ಲಿ ಇಎಸ್‌ಐ ಕಾರ್ಡು ಬಿಟ್ಟರೆ ಬೇರೇನೂ ಇರಲಿಲ್ಲವಂತೆ, ಫೋನೂ ಇರಲಿಲ್ಲ. ಜ್ವರದಲ್ಲಿ ಅಕ್ಕನನ್ನು ಕರೆಸಿ ಎನ್ನುತ್ತಿದ್ದಳಂತೆ. ಅಕ್ಕನ ಹೆಸರೇನು ಎಂದು ನರ್ಸು ಕೇಳಿದರೆ ಸವಿತಾ ಎಂದಳಂತೆ. ಕಾರ್ಡು ತೋರಿಸಿದ ಕಡೆ ಸತ್ತರೂ ನಿನ್ನ ಹೆಸರು ನಿನ್ನದೆಂದು ಹೇಳಬೇಡ ಎಂದು ಕಲಿಸಿದವಳು ನಾನು. ಮೂರನೇ ದಿನ ಬೆಳಿಗ್ಗೆ ಹಾಸಿಗೆ ಖಾಲಿಯಿತ್ತು. ಗೇಟಿನ ಕಡೆ ನಡೆದು ಹೋದದ್ದನ್ನು ಕಂಡವರಿದ್ದಾರೆ, ಅಲ್ಲಿಂದ ಮುಂದೆ ಕಂಡವರಿಲ್ಲ. ಕಾರ್ಡಿನ ವಿಳಾಸ ಹಿಡಿದು ಆ ಕಡೆಯ ಪೊಲೀಸರು ಕುಂದಲಹಳ್ಳಿಗೆ ಹೋಗಿದ್ದರಂತೆ. ಮೊದಲು ಅಲ್ಲಿದ್ದ ರೂಮು ಬಿಟ್ಟು ನಾವು ಆರು ವರ್ಷವಾಯಿತು.

ಮಗು ಬದುಕಿದೆ. ಹೆಣ್ಣು. ಗಾಜಿನ ಪೆಟ್ಟಿಗೆಯಿಂದ ಮೊನ್ನೆ ಹೊರಗೆ ತೆಗೆದಿದ್ದಾ‌ರೆ.

ಗುರುರಾಜ್ ಬರುವ ಮೊದಲೇ ನಾನು ಬಂದುಬಿಟ್ಟಿದ್ದೆ. ತಾಯಿಯ ಹೆಸರಿನ ಜಾಗದಲ್ಲಿ ನನ್ನ ಹೆಸರಿದೆ, ಕೈಯಲ್ಲಿ ನನ್ನ ಆಧಾರ್ ಇದೆ. "ನೀವೇ ತಾಯಿನಾ?" ಎಂದು ಕೇಳಿದರು. ಹೂಂ ಎಂದಿದ್ದರೆ ಮಗುವನ್ನು ಮಡಿಲಿಗೆ ಹಾಕುತ್ತಿದ್ದರೇನೋ, ಕೈ ಚಾಚಿಯೂ ಇದ್ದೆ. ಆದರೆ ನೀಲಾಂಬಿಕಾ ಸಿಕ್ಕಳು ಎಂದು ಬರೆದು ಮುಚ್ಚಿಬಿಡುತ್ತಾರೆ, ಆಮೇಲೆ ಸವಿತಾಳನ್ನು ಹುಡುಕುವವರು ಯಾರು? ಅಲ್ಲ, ನಾನು ದೊಡ್ಡಮ್ಮ ಎಂದೆ. ಬರುವ ಶುಕ್ರವಾರ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರುತ್ತಾರೆ. ಅಷ್ಟರಲ್ಲಿ ತಂದೆ ಬಂದು ತನ್ನದೆಂದು ಹೇಳದಿದ್ದರೆ ಶಿಶುಗೃಹಕ್ಕೆ ಕಳಿಸುತ್ತಾರಂತೆ. ನಿಮ್ಮ ಬೋಟು ಬುಧವಾರ ದಡಕ್ಕೆ ಬರುತ್ತದೆ ಎಂದು ಮಾಲೀಕರು ಫೋನಿನಲ್ಲಿ ಹೇಳಿದರು. ಮಗುವಿನ ವಿಷಯ ಅವರ ಬಾಯಿಂದ ನೀನು ಕೇಳಬಾರದೆಂದು ಅವರಿಗೆ ತಿಳಿಸಿಲ್ಲ, ಪತ್ರ ಬಂದರೆ ಕೈಗೇ ಕೊಡಿ ಎಂದಿದ್ದೇನೆ. ಅಂದು ಸಂಜೆಯ ಬಸ್ಸೇ ಹತ್ತು. ಬೆನ್ನ ಮೇಲೆ ಕೈಯಿಟ್ಟರೆ ಮಗು ಅಳು ನಿಲ್ಲಿಸುತ್ತದೆ ಎಂದು ನರ್ಸು ಹೇಳಿದರು. ನನಗೆ ಮುಟ್ಟಲು ಬಿಡಲಿಲ್ಲ.