ಅಕ್ಷರವಿಲ್ಲದ ಕಾದಂಬರಿ

ಜೂನ್ 12, ಬೆಳಿಗ್ಗೆ

ಮಸ್ಕಿ ಬಸ್‌ಸ್ಟ್ಯಾಂಡ್. ಸಿಂಧನೂರಿನ ಬಸ್ ಇನ್ನೂ ಬಂದಿಲ್ಲ. ಬ್ಯಾಂಕಿಗೆ ಇವತ್ತೂ ಲೇಟು. ಹೊರಡುವ ಮೊದಲು ಮನೆಯಲ್ಲಿ ಅಪ್ಪನಿಗೆ ಪೇಪರ್ ಓದಿ ಹೇಳುತ್ತಾ ಕೂತಿದ್ದೆ. ಅರ್ಧಕ್ಕೇ ಕೈ ಎತ್ತಿ ನಿಲ್ಲಿಸಿದ.

"ಸಾಕು ಬಿಡಬೇ. ನೀ ಓದಿದ್ದು ಕೇಳಿದರ ನಾ ಓದಿದಂಗ ಆಗಂಗಿಲ್ಲ. ನಾ ನಿಲ್ಲಬೇಕಂದಲ್ಲಿ ನೀ ನಿಲ್ಲಂಗಿಲ್ಲ."

ಸ್ಟ್ರೋಕ್ ಆದದ್ದು ಬೇಸಿಗೆ ಶುರುವಿನಲ್ಲಿ. ಕೈಕಾಲು ನೆಟ್ಟಗಿವೆ, ಮಾತೂ ನೆಟ್ಟಗಿದೆ. ಓದುವುದೊಂದು ಹೋಗಿದೆ. ಅಕ್ಷರ ಕಾಣುತ್ತವೆ, ಯಾವುದು ಏನೆಂದು ತಿಳಿಯುವುದಿಲ್ಲ. ಬಲಗಡೆಯ ನೋಟವೂ ಕಡಿಮೆ. "ಕಣ್ಣಿಂದಲ್ಲ ರೀ, ಮಿದುಳಿಂದು" ಅಂದರು ಡಾಕ್ಟರು. ಲಿಂಗಸುಗೂರು ಕಾಲೇಜಿನಲ್ಲಿ ರಿಟೈರ್ ಆಗುವವರೆಗೆ ಕಾದಂಬರಿ ಪಾಠ ಮಾಡಿದ ಮನುಷ್ಯ. ಈಗ ಅಂಗಡಿಯ ಬೋರ್ಡ್ ಕಂಡರೂ ಮುಖ ತಿರುಗಿಸುತ್ತಾನೆ.

ಬಸ್ ಬಂತು.

ಜೂನ್ 16, ಭಾನುವಾರ

ಅಣ್ಣ ಶಿವಕಾಂತ ರಾಯಚೂರಿನಿಂದ ಬಂದಿದ್ದ. ಮಕ್ಕಳ ಕಾಮಿಕ್ಸ್ ಒಂದು ಕಟ್ಟು ತಂದಿದ್ದ. ಪ್ರೀತಿಯಿಂದಲೇ.

"ಟೈಂಪಾಸ್ ಆಕ್ಕತಿ ಅಪ್ಪಾ. ಚಿತ್ರ ನೋಡಕೋಂತ ಕೂಡು."

ಅಪ್ಪ ಮುಟ್ಟಲಿಲ್ಲ. "ನನಗ ಓದಾಕ ಬರವಲ್ದು, ಅಷ್ಟ. ತಲಿ ಕೆಟ್ಟಿಲ್ಲೋ." ಎದ್ದು ಅಂಗಳಕ್ಕೆ ಹೋದ. ಅಣ್ಣನ ಮುಖ ನೋಡಲಾಗಲಿಲ್ಲ.

ನನ್ನ ಕಪಾಟಿನ ತುಂಬ ಗ್ರಾಫಿಕ್ ಕಾದಂಬರಿಗಳು, ಚಿತ್ರಗಳಲ್ಲೇ ಕಥೆ ಹೇಳುವಂಥವು. ಅಪ್ಪನ ಲೆಕ್ಕದಲ್ಲಿ ಅವು ಎಂದೂ ಸಾಹಿತ್ಯವಾಗಿರಲಿಲ್ಲ. "ಬ್ಯಾಂಕಿನ್ಯಾಗ ನೌಕರಿ ಮಾಡಾಕಿ, ಗೊಂಬಿ ಪುಸ್ತಕ ಓದತಾಳ" ಎಂದು ಅವ್ವನ ಹತ್ತಿರ ಗೊಣಗುತ್ತಿದ್ದ. ಒಂದರಲ್ಲಿ ಮೊದಲಿಂದ ಕೊನೆವರೆಗೆ ಒಂದಕ್ಷರವೂ ಇಲ್ಲ. ಕೊಡಲೇ? ಇವತ್ತು ಕೊಟ್ಟರೆ ಅದೂ ಅಣ್ಣನ ಕಟ್ಟಿಗೇ ಸೇರುತ್ತದೆ. ಕಪಾಟು ಮುಚ್ಚಿದೆ.

ಜೂನ್ 30

ಕೊಟ್ಟೆ.

"ಇದು ಕಾದಂಬರಿ ಅಪ್ಪಾ. ಇದರಾಗ ಅಕ್ಷರ ಇಲ್ಲ. ನಿನ್ನ ಸಲುವಾಗಿ ತಂದದ್ದಲ್ಲ, ನಂದು, ಹಳೇದು. ಕೆಟ್ಟದನಿಸಿದರ ಕೆಟ್ಟದ ಅನ್ನು."

ಅಣೆಕಟ್ಟಿನ ನೀರಿಗೆ ಮುಳುಗಲಿರುವ ಊರು. ಒಬ್ಬ ಹೆಂಗಸು ಮನೆ ಖಾಲಿ ಮಾಡುತ್ತಾಳೆ. ಕಥೆ ಇಷ್ಟೇ, ಕಪ್ಪು-ಬಿಳುಪಿನಲ್ಲಿ. ಅಪ್ಪ ಪಟಪಟ ಹಾಳೆ ತಿರುವಿದ. "ಆತು. ಚಾ ಮಾಡು."

ಜುಲೈ 3, ಸಂಜೆ

ಬ್ಯಾಂಕಿನಿಂದ ಬಂದರೆ ಅಪ್ಪನ ತೊಡೆಯ ಮೇಲೆ ಅದೇ ಪುಸ್ತಕ! ಬಲಗಡೆ ಕಾಣಲೆಂದು ಕತ್ತು ಹೊರಳಿಸಿಕೊಂಡು ಕೂತಿದ್ದ. ಅವ್ವ ಪಿಸುಗುಟ್ಟಿದಳು, "ಮುಂಜಾನಿಂದ ಅದ ಹಾಳಿ ಹಿಡಕೊಂಡು ಕುಂತಾನ. ಮುಂದಕ್ಕ ಹೋಗವಲ್ಲ."

"ಬಾಬೇ ಇಲ್ಲಿ, ಕುಮಾರಿ. ಮೂರು ಚೌಕಟ್ಟು, ಒಂದ ಬಾಗಲಾ. ಮೊದಲನೇದರಾಗ ಆಕಿ ಹೊಸ್ತಿಲದಾಗ ನಿಂತಾಳ. ಎರಡನೇದರಾಗ ಬೀಗ ಹಾಕಾಕತ್ಯಾಳ. ಮೂರನೇದರಾಗ ಬಾಗಲಾ ತೆರದೈತಿ, ಆಕಿ ಇಲ್ಲ. ಯಾಕ?"

"ಬೀಗ ಹಾಕಲಾರದ ಹೋಗ್ಯಾಳ."

"ಹಂಗಂತ ಎಲ್ಲಿ ಬರದಾನ?" ಎರಡನೆಯ, ಮೂರನೆಯ ಚೌಕಟ್ಟುಗಳ ನಡುವಿನ ಬಿಳಿ ಜಾಗದ ಮೇಲೆ ಬೆರಳಿಟ್ಟ. "ಮುಳಗೋ ಮನಿಗೆ ಬೀಗ ಯಾಕಂತ ಆಕಿಗೆ ಇಲ್ಲಿ ಹೊಳದೈತಿ. ಇಲ್ಲಿ ಏನೂ ಇಲ್ಲ. ಏನೂ ಇಲ್ಲದಲ್ಲಿ ನಾ ಓದೀನಿ."

ಅಪ್ಪ ಬೆರಳು ತೆಗೆಯಲಿಲ್ಲ. ನಾನು ಚಹಾದ ನೆಪ ಮಾಡಿ ಒಳಗೆ ಬಂದೆ.

ಜುಲೈ 19

ದಿನಾ ಸಂಜೆ ನಮ್ಮಿಬ್ಬರ ವಾದ. ಕಪಾಟು ಅರ್ಧ ಖಾಲಿ. ಮಾತಿರುವ ಪುಸ್ತಕಗಳಲ್ಲಿ ಪಾತ್ರಗಳ ಬಾಯಿಂದ ಹೊರಟ ಬಲೂನಿನೊಳಗಿನ ಮಾತನ್ನು ನಾನು ಓದುತ್ತೇನೆ. ಅಪ್ಪ ಸಿಡುಕುತ್ತಾನೆ, "ತಡಿ, ಆಕಿ ಮುಖ ಇನ್ನೂ ಮುಗದಿಲ್ಲ." ಆದರೂ ಅವನ ಮನಸ್ಸು ಆ ಮುಳುಗುವ ಊರಿಗೇ.

ಇವತ್ತು ಹಳೆಯ ಸಹೋದ್ಯೋಗಿ ರಹಮಾನಸಾಬ ಬಂದಿದ್ದರು. ಲಿಂಗಸುಗೂರಿನಲ್ಲಿ ಸಾಹಿತ್ಯದ ಸಭೆ. "ನೀವು ಬಂದು ಕುಂತರ ಸಾಕ್ರಿ, ಸೂಗಪ್ಪ ಸರ."

"ಕೂಡಾಕ ಯಾಕ ಬರಲಿ? ಮಾತಾಡತೀನಿ. ಇದರ ಮ್ಯಾಲ."

ರಹಮಾನಸಾಬ ಪುಸ್ತಕ ತೆರೆದು ನೋಡಿ, ನನ್ನ ಮುಖ ನೋಡಿದರು.

ಆಗಸ್ಟ್ 4, ಭಾನುವಾರ

ಬರೆಯಲು ಮನಸ್ಸಿಲ್ಲ. ಬರೆಯುತ್ತೇನೆ.

ಲಿಂಗಸುಗೂರಿನ ಸಭೆಯಲ್ಲಿ ಅಪ್ಪ ಪುಸ್ತಕ ಎತ್ತಿ ಹಿಡಿದು ಶುರು ಮಾಡಿದ. "ನೌಕರಿ ಮುಗಿಯೋತನಕ ಕಾದಂಬರಿ ಕಲಿಸೀನಿ. ಇದೂ ಕಾದಂಬರೀನ. ಕಾಲೇಜಿನ್ಯಾಗ ಪಾಠಕ್ಕ ಇಡಬೇಕು." ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು, ಅಪ್ಪ ಜಗಳ ತೆಗೆಯುತ್ತಿದ್ದ. ಎಲ್ಲರ ಮುಖದಲ್ಲೂ ಕನಿಕರ. ಮುಂದಿನ ಸಾಲಿನಲ್ಲಿ ಒಬ್ಬಾಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬಾಗಿಲಿನ ಪುಟ ತೆಗೆಯುವಷ್ಟರಲ್ಲಿ ರಹಮಾನಸಾಬ ಎದ್ದು ಅಪ್ಪನ ಹೆಗಲ ಮೇಲೆ ಕೈಯಿಟ್ಟು ಮೈಕ್ ತಮ್ಮ ಕಡೆ ಎಳೆದುಕೊಂಡರು.

"ಸರಗೆ ಭಾಳ ತ್ರಾಸ ಆಗೈತಿ. ಇಂಥಾದ್ರಾಗೂ ಬಂದಾರ. ಜೋರ ಚಪ್ಪಾಳೆ ಹೊಡೀರಿ."

ಚಪ್ಪಾಳೆ. ಶಾಲು. ಹಾರ. ನಾನು ಎದ್ದು ನಿಂತು "ಮುಗಿಸಾಕ ಬಿಡ್ರೀ" ಅಂದೆ. ಯಾರಿಗೂ ಕೇಳಲಿಲ್ಲ. ಅಪ್ಪ ತೆರೆದ ಪುಸ್ತಕ ಎದೆಗೊತ್ತಿಕೊಂಡು ನಿಂತಿದ್ದ.

ಬೈಯೋಣವೆಂದರೆ ರಹಮಾನಸಾಬರೇ ಕಾರು ಮಾಡಿ ಮಸ್ಕಿಯವರೆಗೆ ಕಳಿಸಿದರು. ಇಳಿಯುವಾಗ ಅಪ್ಪ ಶಾಲು, ಹಾರ ಕಾರಿನಲ್ಲೇ ಬಿಟ್ಟ.

ಆಗಸ್ಟ್ 27

ಅಪ್ಪ ಪುಸ್ತಕ ಮುಟ್ಟಿಲ್ಲ. ಊಟ ಅಷ್ಟಕ್ಕಷ್ಟೇ. ಇವತ್ತು ತಾನಾಗಿ ಕೇಳಿದ.

"ಖರೇ ಹೇಳು. ಅದು ಖರೇನ ಛಲೋ ಐತೋ, ನನಗ ಬ್ಯಾರೆ ಗತಿ ಇಲ್ಲಂತ ಛಲೋ ಅನಸೈತೋ?"

"ಛಲೋ ಐತಿ ಅಪ್ಪಾ. ನಾ ಓದಿದಾಗ ನನ್ನ ಕಣ್ಣು, ಮಿದುಳು ಎರಡೂ ನೆಟ್ಟಗ ಇದ್ವು."

"ನೀ ನನ್ನ ಮಗಳು. ಹಂಗ ಅಂತಿ."

ಅಪ್ಪ ನಂಬುವಂಥ ಸಾಕ್ಷಿ ಎಲ್ಲಿಂದ ತರಲಿ? ಅಣ್ಣನಿಗೆ ಫೋನ್ ಮಾಡಿದೆ. "ಮನಸಿಗೆ ಹಚ್ಕೋಬ್ಯಾಡ, ಮತ್ತೊಂದು ಪುಸ್ತಕ ಕೊಡು" ಅಂದ.

ಸೆಪ್ಟೆಂಬರ್ 8, ಮಧ್ಯಾಹ್ನ

ವಾರದಿಂದ ಅಪ್ಪ ಕದ ಹಾಕಿಕೊಂಡು ಏನೋ ಬರೆಯುತ್ತಿದ್ದ. ಅವನಿಗೆ ಬರೆಯಲು ಬರುತ್ತದೆ, ಬರೆದದ್ದನ್ನು ತಾನೇ ಓದಲು ಬರುವುದಿಲ್ಲ. ಡಾಕ್ಟರು ಹೀಗೂ ಇರುತ್ತದೆ ಅಂದಿದ್ದರು. ಅಕ್ಷರ ಕಂಡರೆ ಕೈ ತಡವರಿಸುತ್ತದೆಂದು ಕಣ್ಣು ಮುಚ್ಚಿಕೊಂಡೇ ಬರೆಯುತ್ತಾನಂತೆ. ನೀ ಹೇಳು, ನಾ ಬರೆದುಕೊಳ್ಳುತ್ತೇನೆ ಎಂದರೆ ಒಪ್ಪಲಿಲ್ಲ. "ಬಾಯಿಲೆ ಹೇಳಿದ್ದಕ್ಕ ಚಪ್ಪಾಳಿ ಹೊಡದ್ರು. ಇದು ನನ್ನ ಕೈಲೇ ಆಗಬೇಕು."

ಇವತ್ತು ಊಟವಾದ ಮೇಲೆ ಹಾಳೆಗಳನ್ನು ತಂದುಕೊಟ್ಟ. "ಓದು. ಜೋರ ಓದು. ತಪ್ಪಿದ್ರ ಅಲ್ಲೇ ತಿದ್ದತೀನಿ." ಕುರ್ಚಿಗೊರಗಿ ಕಣ್ಣು ಮುಚ್ಚಿದ. ಅವ್ವನೂ ಬಂದು ಕೂತಳು.

ಮೊದಲ ಸಾಲು ಅಪ್ಪನ ಹಳೆಯ, ದುಂಡನೆಯ ಅಕ್ಷರ. "ಈ ಕಾದಂಬರಿಯನ್ನು ನಾನು ಓದಿದ್ದೇನೆ."

ಎರಡನೇ ಸಾಲು ಅದರ ಮೇಲೆಯೇ ಹತ್ತಿದೆ. ಮೂರನೆಯದು ಅದರ ಮೇಲೆ. ಆಮೇಲೆ ಸಾಲುಗಳೇ ಇಲ್ಲ, ಶಾಯಿಯ ಗಂಟು. ಹಾಳೆ ತಿರುವಿದೆ. ಎಲ್ಲವೂ ಹಾಗೆಯೇ.

"ಹ್ಞೂಂ. ಮುಂದ?"

ಮೊದಲ ಸಾಲನ್ನೇ ಇನ್ನೊಮ್ಮೆ ಓದಿದೆ.

"ಅದು ಆತಲ್ಲಬೇ. ಮುಂದ ಓದು."

ನಾನು ಶಾಯಿಯ ಗಂಟಿನ ಮೇಲೆ ಬೆರಳಿಟ್ಟು, ಬಾಗಿಲಿನ ಪುಟ ನೆನೆದು, ಅಲ್ಲಿ ಇಲ್ಲದ್ದನ್ನು ಓದತೊಡಗಿದೆ.