ಹಸುಗಳಿಗೆ ಹೇಳಲು ಮರೆತೆವು

ಬುಧವಾರ, ೧೨ನೇ ತಾರೀಕು

ಪ್ರೀತಿಯ ಗುಬ್ಬಿಗೆ,

ಮಗಳ ಮನೆಯಲ್ಲಿ ಸುಖವಾಗಿದ್ದೀಯೆಂದು ನಂಬಿದ್ದೇನೆ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ತಪ್ಪಾಯಿತು ತಾಯಿ. ಏನು ಮಾಡಲಿ, ನಾನು ನನ್ನ ಮನೆಯಲ್ಲೇ ಇರಲಿಲ್ಲ! ಹೊಲಿಗೆ ಮಿಷನ್ ಹೊತ್ತುಕೊಂಡು ಕಮ್ಮಾರನ ಮನೆ ಸೇರಿದ್ದೆ. ಕಮ್ಮಾರನ ಸಂಸಾರ ಮೇಷ್ಟ್ರ ಮನೆಯಲ್ಲಿ, ಮೇಷ್ಟ್ರು ನನ್ನ ಮನೆಯಲ್ಲಿ. ಊರಿಗೇ ತಲೆ ಕೆಟ್ಟಿತು ಅಂದುಕೊಳ್ಳಬೇಡ, ಕೇಳು.

ಗೋದಾಮು ಕಟ್ಟಲು ಸರ್ಕಾರಕ್ಕೆ ನಮ್ಮ ನಲವತ್ತು ಮನೆಗಳ ಜಾಗ ಬೇಕಂತಿತ್ತಲ್ಲ, ತೆರವಿನ ನೋಟಿಸು ಕೊಡಲು ಅಧಿಕಾರಿ ಬರುತ್ತಾನೆಂದು ಸುದ್ದಿ ಬಂತು. ಮೇಷ್ಟ್ರು ಕಾನೂನು ಪುಸ್ತಕ ತಿರುವಿಹಾಕಿ, "ನೋಟಿಸನ್ನ ಅವರವರ ಮನೇಲೇ, ಅವರವರ ಕೈಗೇ ಕೊಡ್ಬೇಕು. ಮನೇಲಿ ಬೇರೆಯವರಿದ್ರೆ ಏನು ಮಾಡ್ತಾರೆ? ಆದ್ರೆ ಯಾರೂ ಸುಳ್ಳು ಹೇಳ್ಬಾರ್ದು," ಅಂದರು. ಸರಿ, ಒಂದೇ ದಿನದಲ್ಲಿ ಊರೆಲ್ಲ ಮನೆ ಅದಲುಬದಲು.

ಪಾಪ, ಅಧಿಕಾರಿ ಎರಡು ದಿನ ಬಾಗಿಲು ಬಾಗಿಲು ತಟ್ಟಿದ. "ಕಮ್ಮಾರನ ಹೆಂಡತಿ ಇದ್ದಾರಾ? ಮನೆ ಅವರ ಹೆಸರಲ್ಲಿದೆ," ಅಂದ. "ಇಲ್ಲಿಲ್ಲ ಸ್ವಾಮಿ, ಇಲ್ಲಿರೋದು ನಾನು. ಹೊಲಿಯೋದೇನಾದ್ರೂ ಇದ್ಯಾ?" ಅಂದೆ. ಅವನ ಅಂಗಿಯ ಗುಂಡಿ ಕಿತ್ತುಹೋಗಿತ್ತು, ಹಾಕಿಕೊಟ್ಟೆ.

ಇಷ್ಟೆಲ್ಲ ಬುದ್ಧಿ ಓಡಿಸಿದ ನಾವು ಹಸುಗಳ ವಿಷಯ ಮರೆತೇಬಿಟ್ಟಿದ್ದೆವು ನೋಡು! ಮೊದಲೆರಡು ದಿನ ಅವನು ಮಧ್ಯಾಹ್ನವೇ ಹೊರಟಿದ್ದ, ಸಂಜೆ ಅವರವರೇ ಬಂದು ಹಾಲು ಕರೆದುಕೊಂಡಿದ್ದರು. ಮೂರನೇ ದಿನ ಸಂಜೆಯವರೆಗೆ ಬಾವಿಕಟ್ಟೆಯ ಮೇಲೆ ಸುಮ್ಮನೆ ಕೂತ. ಮೇಯಲು ಹೋಗಿದ್ದ ಹಸುಗಳು ಬಂದು ತಂತಮ್ಮ ಕೊಟ್ಟಿಗೆಗೇ ನುಗ್ಗಿದವು. ಕಮ್ಮಾರನ ಹೆಂಡತಿಯ ಕೆಂಪು ಹಸು ಬೇರೆಯವರಿಗೆ ಕೆಚ್ಚಲು ಮುಟ್ಟಗೊಡುವುದಿಲ್ಲ. ನಾನು ಚೊಂಬು ಹಿಡಿದು ಕೂತೆ. ಒದ್ದ ಒದೆಗೆ ಚೊಂಬು ಒಂದು ಕಡೆ, ನಾನು ಒಂದು ಕಡೆ! ಅದು ಅಂಬಾ ಅಂದದ್ದೇ ತಡ, ಅವಳು "ಅಯ್ಯೋ ನನ್ನ ಕಂದಾ!" ಅಂತ ಮೇಷ್ಟ್ರ ಮನೆಯಿಂದ ಓಡಿ ಬಂದಳು. ಅಧಿಕಾರಿ ನಗುನಗುತ್ತಾ ಅವಳ ಕೈಗೆ ನೋಟಿಸು ಇಟ್ಟ. ಹೀಗೇ ಒಂದೊಂದು ಕೊಟ್ಟಿಗೆಯ ಮುಂದೂ ಹಂಚಿದ.

ನಮ್ಮ ಮುಖವೆಲ್ಲ ಸಪ್ಪಗಾಯಿತು. ಆಗ ಕಮ್ಮಾರನ ಹೆಂಡತಿಯೇ, "ಮನುಷ್ಯರು ಎಲ್ಲಿಗೆ ಹೋಗ್ಬೇಕು ಅಂತ ಇದರಲ್ಲಿದೆ. ಹಸು ಎಲ್ಲಿಗೆ ಹೋಗ್ಬೇಕಂತೆ? ಕೇಳ್ಕೊಂಡು ಬರೋಣ ನಡೀರಿ," ಅಂದಳು. ಮರುದಿನ ಅರವತ್ತು ಹಸು ಹೊಡೆದುಕೊಂಡು ಕಚೇರಿಗೇ ಹೋದೆವು. ಒಂದು ಮೊಂಡು ಕರು ಕಡತದ ಕೋಣೆಗೆ ನುಗ್ಗಿತು, ಗುಮಾಸ್ತರು ಮೇಜು ಹತ್ತಿ ನಿಂತರು. ನಾವು ಒಂದು ಕಲ್ಲು ಎಸೆಯಲಿಲ್ಲ, ಒಂದು ಬೈಗುಳ ಆಡಲಿಲ್ಲ. ಅಂಗಳದಲ್ಲೇ ಬೀಡುಬಿಟ್ಟು, ಅಲ್ಲೇ ಹಾಲು ಕರೆದು ಪೊಲೀಸರಿಗೂ ಒಂದೊಂದು ಲೋಟ ಕೊಟ್ಟೆವು. ಮೂರು ದಿನದ ಸಗಣಿ ವಾಸನೆಗೆ ಸೋತು ದೊಡ್ಡ ಅಧಿಕಾರಿ, "ಮೊದ್ಲು ಇವನ್ನ ಹೊಡ್ಕೊಂಡು ಹೋಗಿ, ನಿಮ್ಮ ತಕರಾರು ಕೇಳ್ತೀನಿ," ಅಂತ ಕೈಮುಗಿದ.

ಮುಂದಿನ ವಾರ ಶುಕ್ರವಾರ ವಿಚಾರಣೆ. ನಲವತ್ತೂ ಮನೆಯವರು ಎದುರಿಗೆ ನಿಂತು ತಕರಾರಿಗೆ ಸಹಿ ಹಾಕಿದರೆ ಇಡೀ ಜಾಗಕ್ಕೆ ತಡೆ. ಒಬ್ಬರು ತಪ್ಪಿದರೂ ಆ ಮನೆಯಿಂದಲೇ ಕೆಡವಲು ಶುರು. ಉಳಿದವರೆಲ್ಲ ತಯಾರು, ನೀನೊಬ್ಬಳು ಬರುವುದು ಬಾಕಿ. "ಗುಬ್ಬಿ ಬಂದೇ ಬರ್ತಾಳೆ," ಅಂತ ಎಲ್ಲರಿಗೂ ಹೇಳಿಬಿಟ್ಟಿದ್ದೇನೆ.

ಮಗಳು, ಮೊಮ್ಮಗು ನೂರು ಕಾಲ ತಣ್ಣಗಿರಲಿ. ಮಗುವಿಗೆ ನನ್ನ ಲೆಕ್ಕದಲ್ಲಿ ಕೆನ್ನೆ ಹಿಂಡು.

ನಿನ್ನ ಬಾಯಿಬಡಕಿ,
ದರ್ಜಿ

ಮಡಿಸುವ ಮುಂಚೆ ಇನ್ನೊಂದು ಮಾತು: ನೋಟಿಸಿನ ಕಟ್ಟಿನಲ್ಲಿ ನಿನ್ನ ಹೆಸರಿನದು ಇರಲಿಲ್ಲ. ಯಾಕೆಂದು ಕೇಳಿದ್ದಕ್ಕೆ ಅಧಿಕಾರಿ, ಮನೆ ಬಿಟ್ಟುಕೊಡುತ್ತೇನೆಂದು ನೀನು ಬರೆದುಕೊಟ್ಟ ಒಪ್ಪಿಗೆ ಪತ್ರ ತೋರಿಸಿದ. ಯಾರಿಗೂ ಹೇಳಿಲ್ಲ. ವಿಚಾರಣೆಯ ದಿನದವರೆಗೆ ಅದನ್ನು ವಾಪಸ್ ಪಡೆಯಬಹುದಂತೆ. ಹೆದರಿ ಸಹಿ ಹಾಕಿದ್ದಕ್ಕೆ ನನಗೆ ಸಿಟ್ಟಿಲ್ಲ ಕಣೇ, ನನಗೇನು ಹೆದರಿಕೆ ಇಲ್ಲವೇ? ಆದರೆ ಅದರ ಮೇಲಿನ ತಾರೀಕು ನೀನು ಹೊರಟ ಹಿಂದಿನ ದಿನದ್ದು. ಮರುದಿನ ಬೆಳಿಗ್ಗೆ ನೀನು ನನ್ನ ಪಕ್ಕ ಕೂತು, "ಎಂಟೇ ದಿನ, ಬಂದ್ಬಿಡ್ತೀನಿ," ಅಂದೆ. ನಾನು ನಂಬಿ, ದಾರಿಯಲ್ಲಿ ಕಿತ್ತುಹೋಗದಿರಲಿ ಅಂತ ನಿನ್ನ ಚೀಲದ ಹಿಡಿಗೆ ಎರಡೆರಡು ಸಲ ಹೊಲಿಗೆ ಹಾಕಿಕೊಟ್ಟೆ.