ಅವ್ವನಿಗೆ ಬಾರದ ಪ್ರಶಸ್ತಿ

ಅಕ್ಕಿಆಲೂರು
೧೦ ಮಾರ್ಚ್ ೨೦೨೫

ಪ್ರೀತಿಯ ತಮ್ಮ ಶರಣು,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಎಡಿಟಿಂಗ್ ರೂಮಿನ ಚಹಾದಲ್ಲೇ ದಿನ ದೂಡುತ್ತೀಯೋ? ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಅವ್ವನ ಎಡಗಣ್ಣು ಮೊದಲೇ ಹೋಗಿತ್ತಲ್ಲ, ದೀಪಾವಳಿಯಿಂದ ಬಲಗಣ್ಣೂ ಮಂಜಾಗಿ, ಈಗ ಬೆಳಕು ಕತ್ತಲೆ ಬಿಟ್ಟು ಬೇರೇನೂ ತಿಳಿಯುವುದಿಲ್ಲ. ಆಪರೇಷನ್ ಮಾಡಿದರೂ ಉಪಯೋಗವಿಲ್ಲವೆಂದು ಹುಬ್ಬಳ್ಳಿಯ ಡಾಕ್ಟರು ಹೇಳಿ ಕಳಿಸಿದರು.

ಪ್ರಶಸ್ತಿಯ ಪಟ್ಟಿ ಟಿವಿಯಲ್ಲಿ ಬಂದಾಗ ಅರ್ಧ ಓಣಿ ನಮ್ಮ ಪಡಸಾಲೆಯಲ್ಲಿತ್ತು. ನಿನ್ನ ಸಿನಿಮಾ ಉತ್ತಮ ಚಿತ್ರವೆಂದಾಗ ಚಪ್ಪಾಳೆ ಹೊಡೆದೆವು. ಪೋಷಕ ನಟಿ ಅಂದಾಗ ಎಲ್ಲರೂ, ಅದರಲ್ಲಿ ಪಾತ್ರ ಮಾಡಿದ್ದ ಅವ್ವನ ಕಡೆ ತಿರುಗಿದರು. ಹೆಸರು ಬಂದದ್ದು ಮಾತ್ರ, ಕೂದಲಿಗೆ ಬಿಳಿ ಬಣ್ಣ ಬಳಿದುಕೊಂಡು ಮುದುಕಿಯಾಗಿದ್ದ ಯಾವಳೋ ನಾಯಕಿಯದು. ಪಕ್ಕದ ಮನೆಯ ಮುನವ್ವರಾ ಅವ್ವನಿಗೆ, "ಎಲ್ಲಾ ವಶೀಲಿರಿ ದಾನವ್ವಾರ, ನಮ್ಮಂಥಾವ್ರಿಗೆ ಯಾರ ಕೊಡ್ತಾರ" ಅಂದಳು. ಆ ಸಂಜೆ ಫೋನಿನಲ್ಲಿ ನೀನೂ "ಎಲ್ಲಾ ಮೊದಲ ಫಿಕ್ಸ್ ಆಗಿತ್ತವ್ವ" ಅಂದೆ. ನಾನೂ ನಂಬಿದೆ. ಒಂದು ವರ್ಷ ಇವರ ಪಾಳಿ, ಮರುವರ್ಷ ಅವರ ಪಾಳಿ, ಈ ಪ್ರಶಸ್ತಿಗಳ ಹಣೆಬರಹವೇ ಅಷ್ಟು.

ನಾನು ಸುಮ್ಮನಿರುವ ಪೈಕಿ ಅಲ್ಲ. ಆಯ್ಕೆ ಸಮಿತಿಯಲ್ಲಿದ್ದ ಹಾನಗಲ್ಲಿನ ಕರಬಸಪ್ಪ ಮಾಸ್ತರರ ಮನೆಗೆ ಬಸ್ಸು ಹತ್ತಿ ಹೋಗಿ, ಬಾಗಿಲಲ್ಲೇ ಜಗಳ ತೆಗೆದೆ. ಅವರು ಒಳಗೆ ಕೂಡಿಸಿ, ನೀರು ಕೊಟ್ಟು ಹೇಳಿದರು: "ವಶೀಲಿ ಇಲ್ಲ ಅನ್ನಂಗಿಲ್ಲವ್ವ. ಉತ್ತಮ ಚಿತ್ರಕ್ಕ ಅದ ನಡೀತು, ನಿಮ್ಮ ತಮ್ಮನ ನಿರ್ಮಾಪಕ ಭಾಳ ಓಡ್ಯಾಡ್ಯಾನ. ಆದ್ರ ನಿಮ್ಮವ್ವನ್ನ ನೋಡಿ ಎಲ್ಲಾರೂ ಕಣ್ಣೊರಸಿಕೊಂಡ್ವಿ. ನಟಿ ತನ್ನ ದನಿಯೊಳಗನ ಮಾತಾಡಿರಬೇಕು ಅಂತ ನಿಯಮ ಐತಿ. ದನಿ ಬ್ಯಾರೆಯವರದು ಅಂತ ಅರ್ಜಿಯೊಳಗ ನಿಮ್ಮ ತಮ್ಮನ ಬರದಾನ."

ತಿರುಗಿ ಬರುವಾಗ ಬಸ್ಸಿನಲ್ಲಿ ಅತ್ತುಬಿಟ್ಟೆ, ಶರಣು. ಹಂಸಭಾವಿಯ ಶೂಟಿಂಗಿನಲ್ಲಿ ಅವ್ವ ಬಾವಿಕಟ್ಟೆಯ ಮೇಲೆ ಕೂತು ಸತ್ತ ಗಂಡನನ್ನು ಬಯ್ಯುವಾಗ ಲೈಟ್ ಹಿಡಿದವರೂ ಅತ್ತಿದ್ದರು. ಆ ಮಾತು ನೀನು ಬರೆದದ್ದಲ್ಲ, ಅಪ್ಪ ಹೋದ ದಿನ ಅವಳು ಆಡಿದ್ದು. ಅವಳ ದನಿ ತೆಗೆದು ಯಾರದೋ ನುಣುಪು ದನಿ ಹಾಕಿದೆಯಲ್ಲ, ನಮ್ಮ ಮಾತು ಯಾರಿಗೂ ತಿಳಿಯುವುದಿಲ್ಲವೆಂದೇ? ಸಮಿತಿಯವರನ್ನು ಬಯ್ಯುವುದು ನಮಗೆ ಎಷ್ಟು ಸಲೀಸಾಗಿತ್ತು!

ಸಿನಿಮಾ ನಮ್ಮ ಕಡೆ ಥೇಟರಿಗೆ ಬರಲೇ ಇಲ್ಲ. ಯುಗಾದಿಗೆ ಟಿವಿಯಲ್ಲಿ ಬರುತ್ತದಂತೆ. ಅವ್ವ ಈಗಲೇ ಓಣಿಗೆಲ್ಲ ಹೇಳಿಟ್ಟಿದ್ದಾಳೆ: "ಯಾರೂ ಗದ್ದಲ ಮಾಡಬ್ಯಾಡ್ರಿ. ನನಗ ಕಾಣಂಗಿಲ್ಲ, ಕೇಳ್ತೇನಿ." ಅದರಲ್ಲಿ ಅವಳ ದನಿಯೇ ಇಲ್ಲವೆಂದು ಅವಳಿಗೆ ಹೇಳುವ ಧೈರ್ಯ ನನಗಿಲ್ಲ. ಹಬ್ಬಕ್ಕೆ ಮೊದಲೇ ಬಂದು ನೀನೇ ಹೇಳು. ಬೈದರೆ ಬೈಸಿಕೋ.

ಅವ್ವನ ಆಶೀರ್ವಾದ ನಿನ್ನ ಮೇಲೆ ಯಾವತ್ತೂ ಇದೆ. ನನ್ನದು ಸಿಟ್ಟು ಇಳಿದ ಮೇಲೆ.

ನಿನ್ನ ಅಕ್ಕ,
ಸುಜಾತಾ

ತಾ.ಕ.: ಲಕೋಟೆ ಅಂಟಿಸುವಾಗ ಅವ್ವ ಕರೆದು, ಯಾರಿಗೆ ಕಾಗದ ಎಂದು ಕೇಳಿದಳು. ನಿನಗೆ ಅಂದೆ. ಅವಳಿಗೆ ಎಲ್ಲ ಗೊತ್ತಿದೆ ಶರಣು. ಪಟ್ಟಿ ಬರುವ ಮೊದಲೇ ಮುನವ್ವರಾಳ ಫೋನಿನಲ್ಲಿ ಸಿನಿಮಾದ ತುಣುಕು ಕೇಳಿದ್ದಳಂತೆ. "ನನಗ ಗೊತ್ತೈತಿ ಅಂತ ಅಂವಗ ಹೇಳಬ್ಯಾಡ, ನೊಂದ್ಕೋತಾನ. ಪ್ರಶಸ್ತಿಯವ್ರು ಮೋಸ ಮಾಡಿದ್ರು ಅಂತನ ಇರ್ಲಿ" ಅಂದಳು. ಹಾಗಾದರೆ ಯುಗಾದಿ ದಿನ ಕೂತು ಏನು ಕೇಳುತ್ತೀ ಎಂದೆ. "ನನ್ನ ದನಿ ಬ್ಯಾಡಾತಲ್ಲ ಅಂವಗ. ಎಂಥಾ ದನಿ ಬೇಕಾಗಿತ್ತು ಅಂತ ಕೇಳ್ತೇನಿ."